ಕೇಳಿ ಪಡೆದ ಕೆಲಸ

ಬೌರುವಾ ನೌಕೆ
4 ಫೆಬ್ರವರಿ 2291

ತಮ್ಮ ಬಿರಿಬೊಗೆ ಅಕ್ಕ ಟೊವಾಕಿ ಬರೆಯುವುದು.

ನಮ್ಮ ದ್ವೀಪ ಒನೊಟೊವಾದಲ್ಲಿ ಎಲ್ಲರೂ ಆರೋಗ್ಯವೆಂದು ನಂಬಿದ್ದೇನೆ. ನೀನಿನ್ನೂ ಕಳ್ಳು ಇಳಿಸಲು ಮರ ಹತ್ತುತ್ತಿರುವುದನ್ನು ಓದಿ ನಗುವೂ ಬಂತು, ಸಿಟ್ಟೂ ಬಂತು. ಅಷ್ಟು ವಯಸ್ಸಾದ ಗಂಡಸು ತೆಂಗಿನ ತುದಿಯಲ್ಲಿ ಕೂತು ಹಾಡುತ್ತಾನೆಂದರೆ ಕೆಳಗೆ ಹೋಗುವವರು ಏನೆಂದುಕೊಳ್ಳಬೇಕು? ನೀನು ಬಿದ್ದರೆ ಆ ಸುದ್ದಿ ಬೆಳಕಿನ ಬೆನ್ನೇರಿ ಬಂದರೂ ನನ್ನನ್ನು ಮುಟ್ಟಲು ಐದೂವರೆ ತಿಂಗಳು. ಅಷ್ಟು ದಿನವೂ ನೀನು ಮೇಲೇ ಇದ್ದೀಯೆಂದು ತಿಳಿದು ನಾನು ಬೈಯುತ್ತಲೇ ಇರುತ್ತೇನೆ.

ನನ್ನ ಬಬಾಯಿ ಗೆಡ್ಡೆಯ ಗುಂಡಿಗಳು ಚೆನ್ನಾಗಿವೆ. ಎಲೆ ನನ್ನ ತಲೆಗಿಂತ ಎತ್ತರ. ಹೋದ ವಾರ ಕಿತ್ತ ಗೆಡ್ಡೆಯನ್ನು ಇಬ್ಬರು ಹೊರಬೇಕಾಯಿತು. ಚಕ್ರದ ಹಾಗೆ ಸುತ್ತುವ ಊರಿನಲ್ಲಿ ಬಬಾಯಿ ಬೇರು ಬಿಡುವುದಿಲ್ಲವೆಂದು ಹೊರಡುವಾಗ ಪಂಥ ಕಟ್ಟಿದವನು ನೀನು. ಸೋತದ್ದನ್ನು ಇನ್ನೂ ಒಪ್ಪಿಕೊಂಡಿಲ್ಲ. ನಿನ್ನ ಮೊಮ್ಮಗಳು ರಕೇರಾ ಚೆನ್ನಾಗಿದ್ದಾಳೆ. ನೀರಿನ ಕೋಣೆಯ ಕೆಲಸ, ಬರೆಯಲು ಬಿಡುವಿಲ್ಲ. ನಡಿಗೆ ನಿನ್ನದೇ, ಮುಂದಕ್ಕೆ ಬಾಗಿ, ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ.

ಇನ್ನೊಂದು ವಿಷಯವಿದೆ. ಕೂತುಕೊಂಡು ಓದು.

ನಾವು ಜನರೆಲ್ಲ ಇರುವುದು ಮುಂದಿನ ಚಕ್ರದಲ್ಲಿ. ಎಂಜಿನು ಬಹಳ ಹಿಂದೆ. ನಡುವೆ ಬೆನ್ನೆಲುಬಿನಂಥ ಉದ್ದದ ಕೊಳವೆ. ಅದರ ಹಿಂತುದಿಯಲ್ಲಿ ಉರಿದು ಮುಗಿದ ಇಂಧನದ ತೊಟ್ಟಿಯೊಂದು ಬಿರುಕು ಬಿಟ್ಟಿದೆ. ಅದು ಉಗುಳುವ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಮೂಳೆಗೆ ಇಳಿಯುತ್ತದೆ. ಮುಂದಿನ ವರ್ಷ ಜುಲೈಯಲ್ಲಿ ಎಂಜಿನನ್ನು ಎರಡನೆಯ ಸಲ ಹೊತ್ತಿಸಬೇಕು. ಹೊತ್ತಿಸದಿದ್ದರೆ ನಾವು ಇಳಿಯಬೇಕಾದ ಸೂರ್ಯನ ಪಕ್ಕದಲ್ಲೇ ಜಾರಿ ಏನೂ ಇಲ್ಲದ ಕಡೆಗೆ ಹೋಗಿಬಿಡುತ್ತೇವೆ. ತೊಟ್ಟಿ ಕಳಚದೆ ಹೊತ್ತಿಸಿದರೆ ಅದು ಒಡೆಯುತ್ತದೆ. ಅದನ್ನು ಹಿಡಿದಿರುವ ಕೊಂಡಿಗಳು ಜಾಮಾಗಿವೆ, ಕೈಯಿಂದಲೇ ಬಿಡಿಸಬೇಕು. ಮೊದಲು ಯಂತ್ರಗಳನ್ನು ಕಳಿಸಿದರು. ಆ ವಿಷದಲ್ಲಿ ಮನುಷ್ಯನಿಗಿಂತ ಮೊದಲು ಅವುಗಳ ಬುದ್ಧಿ ಕೆಡುತ್ತದಂತೆ. ನಡುದಾರಿಯಲ್ಲಿ ನಿಂತುಬಿಟ್ಟವು. ದಿನ ಕಳೆದಂತೆ ವಿಷ ಇಳಿಯುವುದರಿಂದ ಕೊನೆಯ ತಿಂಗಳವರೆಗೂ ಕಾಯುವುದೆಂದು ತೀರ್ಮಾನ. ಆಗ ಹೋದವರು ಕೆಲಸ ಮುಗಿಸುವಷ್ಟು ಹೊತ್ತು ಬದುಕಿರಬಹುದು.

ಇದೆಲ್ಲ ಗೊತ್ತಾದದ್ದು ನಮ್ಮ ಮನೆಯಾಬಾದಲ್ಲಿ, ಊರಿನವರೆಲ್ಲ ಸಭೆಗೆ ಸೇರಿ ತಮ್ಮ ತಮ್ಮ ಕುಲದ ಜಾಗದಲ್ಲಿ ಚಾಪೆ ಹಾಸಿ ಕೂತಿದ್ದಾಗ. ನೌಕೆಯ ಮುಖಂಡ ಕಮೊರಿಕಿ ಹೇಳಿ ಮುಗಿಸುವ ಮೊದಲೇ ಜನ ಹೊರಡಲು ಸಿದ್ಧ. ಮೀನು ಸಾಕುವ ಬ್ವೆರೆಯನ್ನು ನೀನು ಬಲ್ಲೆ, ಮಾತು ಜೋರು.

"ಮೀನು ಸಿಕ್ಕಾಗ ಎಲ್ರೂ ಹಂಚ್ಕೊಳಲ್ವಾ? ಇದನ್ನೂ ಹಂಚ್ಕೊಳಣ. ಒಬ್ಬೊಬ್ರು ಸ್ವಲ್ಪ ಹೊತ್ತು ಹೋಗಿ ಬಂದ್ರಾಯ್ತು," ಅಂದ.

"ಹೌದೌದು," ಅಂದರು ಎಲ್ಲರೂ. ಹಿಂದಿನ ಸಾಲಿನಲ್ಲಿ ಆಗಲೇ ಸರದಿ ಗೊತ್ತುಮಾಡುತ್ತಿದ್ದರು.

ವೈದ್ಯೆ ಎದ್ದಳು. "ಬ್ವೆರೆಯಣ್ಣಾ, ದಾರೀನೇ ದುಬಾರಿ. ಕೊಂಡಿ ಮುಟ್ಟೋ ಮೊದ್ಲೇ ಅರ್ಧ ಜೀವ ಆ ಕೊಳವೆ ತಿಂದಿರುತ್ತೆ. ನೂರು ಜನ ಹೋದ್ರೆ ನೂರು ಅರ್ಧ ಜೀವ. ವಾಪಸ್ ಬರೋಕೆ ಇನ್ನರ್ಧ. ಕೆಲ್ಸಕ್ಕೆ ಏನುಳಿತು? ಆಮೇಲೆ ಹುಟ್ಟೋ ಮಕ್ಕಳ ಕಥೆ ನಾನು ಹೇಳೋಲ್ಲ."

"ಅಂದ್ರೆ?"

"ಅಂದ್ರೆ ಒಬ್ರು ಹೋಗ್ಬೇಕು. ವಾಪಸ್ ಬರೋ ಯೋಚ್ನೆ ಮಾಡ್ಬಾರ್ದು."

ಬಿರಿಬೊ, ನಾವು ಹೊರಟ ಈ ಹನ್ನೊಂದು ವರ್ಷದಲ್ಲಿ ಮೊದಲ ಸಲ ಹಂಚಿಕೊಳ್ಳಲಾಗದ ವಸ್ತುವೊಂದು ನಮ್ಮವರ ಎದುರಿಗೆ ಬಂದು ಕೂತಿತ್ತು; ಅದಕ್ಕೆ ಎಲ್ಲಿ ಚಾಪೆ ಹಾಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಕೊಂಡಿಗಳ ಉಸ್ತುವಾರಿಯವರು ಎದ್ದು, "ನನ್ನ ಕೆಲ್ಸ, ನಾನೇ ಹೋಗ್ತೀನಿ," ಅಂದರು. ಚಿಕ್ಕ ವಯಸ್ಸು.

ಮಾರನೆಯ ಬೆಳಿಗ್ಗೆ ಒಂದು ಬುಬುಸಿ ನಡೆಯಿತು. ನಿನ್ನ ಹೊಸ ದೋಣಿಯನ್ನು ಭಾವಮೈದ ಬುಬುಸಿಯೆಂದು ಕೇಳಿದಾಗ ನೀನು ಹಲ್ಲು ಕಚ್ಚಿಕೊಂಡು ಕೊಟ್ಟೆಯಲ್ಲ, ಹಾಗೆಯೇ. ಕೇಳಿದ ಮೇಲೆ ಇಲ್ಲ ಅನ್ನುವ ಬಾಯಿ ನಮ್ಮವರಿಗೆಲ್ಲಿದೆ? ಕೆಲಸ ನನ್ನ ಪಾಲಿಗೆ ಬಂದಿದೆ. ಇದರ ಮೇಲೆ ಹೆಚ್ಚು ಕೇಳಬೇಡ. ಕಲಿಯಲು ಒಂದು ವರ್ಷಕ್ಕಿಂತ ಹೆಚ್ಚೇ ಇದೆ.

ಮರ ಹತ್ತುವುದನ್ನು ನಿಲ್ಲಿಸು.

ನಿನ್ನ ಅಕ್ಕ
ಟೊವಾಕಿ


ಒನೊಟೊವಾ
21 ಜುಲೈ 2291

ಅಕ್ಕಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮೊದಲ ದಿನ ಕಳ್ಳು ಇಳಿಸಲಿಲ್ಲ. ನೀನು ಹೇಳಿದೆಯೆಂದಲ್ಲ, ಕಾಲು ಬರಲಿಲ್ಲ.

ನಾಚಿಕೆಯಿಲ್ಲದವರು. ಮುದುಕಿಯ ಮುಂದೆ ಬಂದು ಕೂತು, ನಿನ್ನ ಪ್ರಾಣ ಕೊಡೆಂದು ಬುಬುಸಿ ಕೇಳುತ್ತಾರೆಯೇ? ಅಂಗಿ ಕೇಳುತ್ತಾರೆ, ದೋಣಿ ಕೇಳುತ್ತಾರೆ, ಹಂದಿ ಕೇಳುತ್ತಾರೆ, ಕೊಟ್ಟಿದ್ದೇವೆ. ಇದನ್ನು ಕೇಳಿದವರನ್ನು ನಾನು ಕಂಡಿಲ್ಲ. ಯಾರೆಂದು ನೀನು ಬರೆದಿಲ್ಲ. ನನಗೆ ಗೊತ್ತು, ನೀನು ಯಾರ ಮಾನವನ್ನೂ ತೆಗೆಯುವವಳಲ್ಲ. ಕಮೊರಿಕಿಯೇ ಇರಬೇಕು, ಅವನ ಅಪ್ಪನೂ ಹಾಗೇ ಸಿಹಿಯಾಗಿ ಮಾತಾಡಿ ಹೊಲದ ಗಡಿ ಒತ್ತುತ್ತಿದ್ದ.

ನಿನ್ನೆ ಮನೆಯಾಬಾದಲ್ಲಿ ಎದ್ದು ಎಲ್ಲರಿಗೂ ಓದಿ ಹೇಳಿದೆ. ಹಿರಿಯ ಇಯೊತೆಬಾನಿಗೆ ಈಗ ಕಣ್ಣು ಕಾಣುವುದಿಲ್ಲ, ಕಿವಿ ಮಾತ್ರ ಚುರುಕು.

"ಕೇಳಿದ್ದಾರೆ, ಅವ್ಳು ಕೊಟ್ಟಿದ್ದಾಳೆ. ಮುಗೀತಲ್ಲ ಬಿರಿಬೊ," ಅಂದ.

"ಮುಗೀಲಿಲ್ಲ. ತಮ್ಮ ನಾನೂ ಕೇಳ್ಬಹುದಲ್ಲ?"

"ಕೇಳ್ಬಹುದು. ರಕ್ತ ಸಂಬಂಧ ಹತ್ರದ್ದು. ನಿನ್ನ ಮಾತೇ ಮೊದ್ಲು ಬರುತ್ತೆ."

"ಹಾಗಾದ್ರೆ ಎಲ್ರೂ ಕೇಳಿಸ್ಕೊಳ್ಳಿ," ಅಂದೆ.

ಆದ್ದರಿಂದ ಅಕ್ಕಾ, ಊರಿನ ಎದುರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ನನ್ನ ಬುಬುಸಿ. ಆ ಕೆಲಸಕ್ಕೆ ನೀನು ಹೋಗಕೂಡದು. ನಿನ್ನ ಉಳಿದ ದಿನಗಳನ್ನು ನನಗೆ ಕೊಡು. ನೀನು ಹೊರಡುವ ಹಿಂದಿನ ದಿನ ನನ್ನ ಅಂಗಳಕ್ಕೆ ಬಂದು, "ತಮ್ಮಾ, ರಕೇರಾಳನ್ನು ನನಗೆ ಕೊಡು, ಅಲ್ಲಿ ನನ್ನ ಮೊಮ್ಮಗಳಾಗಿರಲಿ," ಎಂದೆ. ತಾಯಿಯಿಲ್ಲದ ಕೂಸು, ನನ್ನ ಚಾಪೆಯ ಮೇಲೆ ಮಲಗುತ್ತಿದ್ದವಳು. ಅವಳ ಬಟ್ಟೆ ಗಂಟು ಕಟ್ಟಿ ಕೊಟ್ಟೆ. ಅದರ ಋಣವನ್ನು ನಾನು ಎಂದೂ ಎತ್ತಿ ಆಡಿಲ್ಲ. ಇವತ್ತು ಆಡುತ್ತಿದ್ದೇನೆ.

ಯಾರ ಕೆಲಸವಿತ್ತೋ ಅವರೇ ಹೋಗಲಿ. ಚಿಕ್ಕ ವಯಸ್ಸೆಂದು ಬರೆದಿದ್ದೀಯೆ. ಇರಲಿ. ಅವರಿಗೂ ಹೆತ್ತವರಿದ್ದಾರು, ಅಳುತ್ತಾರೆ. ಅವರ ಅಳು ಅವರದು, ನನ್ನದು ನನಗೆ ಸಾಕು. ಹೀಗೆ ಬರೆಯುವುದು ಚೆನ್ನಲ್ಲವೆಂದು ಗೊತ್ತಿದ್ದೇ ಬರೆದಿದ್ದೇನೆ.

ರಕೇರಾಳಿಗೆ ಹೇಳು, ನಿನ್ನ ಪಕ್ಕದಿಂದ ಅಲ್ಲಾಡದಿರಲಿ. ನಿನ್ನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಲಿ.

ಬಿರಿಬೊ


ಬೌರುವಾ ನೌಕೆ
19 ಆಗಸ್ಟ್ 2291

ತಮ್ಮ ಬಿರಿಬೊಗೆ,

ನಿನ್ನ ಉತ್ತರ ಇನ್ನೂ ದಾರಿಯಲ್ಲಿದೆ. ನೀನು ಬೈದಿರುತ್ತೀಯೆ, ಅಷ್ಟು ನನಗೆ ಗೊತ್ತು. ಅದು ಬರುವ ಮೊದಲು ಒಂದು ಸಂತೋಷದ ಪತ್ರ ಬರೆದುಬಿಡೋಣವೆಂದು ಕೂತಿದ್ದೇನೆ.

ಕಲಿಯುವುದು ನಡೆದಿದೆ. ಕೊಂಡಿಯ ಮಾದರಿಯೊಂದನ್ನು ಮಾಡಿ ನನ್ನ ಗುಂಡಿಗಳ ಪಕ್ಕದಲ್ಲೇ ಇಟ್ಟಿದ್ದಾರೆ. ದಪ್ಪ ಕೈಗವಸು ಹಾಕಿಕೊಂಡು ಬಿಡಿಸಬೇಕು. ಮೊದಲ ತಿಂಗಳು ನನ್ನ ಬೆರಳುಗಳು ನನ್ನವೇ ಅಲ್ಲವೆಂಬ ಹಾಗಿದ್ದವು. ಕಲಿಸುವವರು ಗದರುತ್ತಾರೆ.

"ಅಜ್ಜೀ, ಅದು ಗೆಡ್ಡೆ ಅಲ್ಲ, ಎಳೀಬೇಡ. ತಿರುಗ್ಸು."

"ಎಳೆದ್ರೇ ಬರ್ತಿತ್ತು ಕಣೇ ನಮ್ಮ ಕಾಲ್ದಲ್ಲಿ."

"ನಿಮ್ಮ ಕಾಲ್ದಲ್ಲಿ ಕೊಂಡೀನೇ ಇರ್ಲಿಲ್ಲ."

ಈಗ ಕಣ್ಣು ಮುಚ್ಚಿಕೊಂಡು ಬಿಡಿಸುತ್ತೇನೆ. ಇನ್ನೊಂದು ಸಂಗತಿ ಗೊತ್ತೇ? ಕೊಳವೆಯಲ್ಲಿ ತೂಕವಿಲ್ಲ. ಚಕ್ರ ಸುತ್ತುವುದರಿಂದಲೇ ನಮಗೆ ಇಲ್ಲಿ ತೂಕ; ನಡುವಿಗೆ ಹೋದರೆ ಏನೂ ಇಲ್ಲ. ಮೊಣಕಾಲು ನೋವೆಲ್ಲ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬಹುದು. ಮುದುಕರಿಗೆಂದೇ ಮಾಡಿದ ಜಾಗ.

ಹೋದ ವಾರ ಕೊಳವೆಯ ಈಚೆ ಬಾಯಿಯವರೆಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೆ ವಿಷವಿಲ್ಲ. ಅಲ್ಲೊಂದು ಕಿಟಕಿಯಿದೆ. ಚಕ್ರದ ಕಿಟಕಿಗಳಲ್ಲಿ ಆಕಾಶ ಸುತ್ತುತ್ತಲೇ ಇರುತ್ತದೆ, ತಲೆ ತಿರುಗುತ್ತದೆಂದು ನಾವು ನೋಡುವುದಿಲ್ಲ. ಆ ಕಿಟಕಿಯಲ್ಲಿ ಎಲ್ಲವೂ ನಿಂತಿತ್ತು.

ಹೇಗೆ ಹೇಳಲಿ? ಚಿಕ್ಕವರಿದ್ದಾಗ ನಾವಿಬ್ಬರೂ ಅಪ್ಪನ ದೋಣಿಯಲ್ಲಿ ಬಂಡೆಯ ಅಂಚು ದಾಟಿ, ನೀರು ಹಸಿರಿನಿಂದ ಕಪ್ಪಾಗುವ ಜಾಗಕ್ಕೆ ಮೊದಲ ಸಲ ಹೋದೆವಲ್ಲ. ನೀನು ಕೆಳಗೆ ಬಗ್ಗಿ ನೋಡಿ, "ತಳ ಎಲ್ಲಿ?" ಅಂದೆ. ಅಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಆ ಕಿಟಕಿಯಲ್ಲಿ ಎಲ್ಲ ಕಡೆಗೂ ಅದೇ ಕಪ್ಪು ನೀರು, ಬಿರಿಬೊ. ಮೇಲೂ ಇಲ್ಲ ಕೆಳಗೂ ಇಲ್ಲ. ನಕ್ಷತ್ರಗಳು ಮಿನುಗುವುದಿಲ್ಲ, ಸುಮ್ಮನೆ ನೋಡುತ್ತವೆ. ಇಷ್ಟರ ನಡುವೆ ಮುನ್ನೂರು ಜನ, ಹಂದಿ, ಕೋಳಿ, ನನ್ನ ಗೆಡ್ಡೆ ಗುಂಡಿ, ಮಕ್ಕಳ ಕೂಗಾಟ. ನಾವು ಎಷ್ಟು ಸ್ವಲ್ಪ ಅನ್ನುವುದು ಮೊದಲು ಹೊಳೆಯಿತು. ಆಮೇಲೆ, ಇಷ್ಟು ಸ್ವಲ್ಪವೇ ಆದರೂ ಇಲ್ಲಿಯವರೆಗೆ ಬಂದೆವಲ್ಲ ಎಂದು ಮೈ ಜುಮ್ಮೆಂದಿತು. ನಮ್ಮ ಹಳೆಯವರು ದೋಣಿಯಲ್ಲಿ ದ್ವೀಪ ಹುಡುಕಿ ಬಂದಾಗ ಅವರಲ್ಲೂ ಯಾರೋ ಮುದುಕಿ ಹಿಂದಿನ ತುದಿಯಲ್ಲಿ ಕೂತು ನೀರು ಮೊಗೆದು ಹಾಕುತ್ತ ಹೀಗೇ ಅಂದುಕೊಂಡಿರಬೇಕು.

ಹೆದರಿಕೆಯಿಲ್ಲವೇ ಎಂದು ಕೇಳುತ್ತೀಯೆ. ಇದೆ. ಹೊಟ್ಟೆಯಲ್ಲಿ ಒಂದು ಕಡೆ ಕೂತಿದೆ. ಅದಕ್ಕೂ ಊಟ ಹಾಕಿ ನನ್ನ ಕೆಲಸ ನಾನು ಮಾಡುತ್ತೇನೆ.

ರಕೇರಾ ಆರೋಗ್ಯವಾಗಿದ್ದಾಳೆ. ಸ್ವಲ್ಪ ಇಳಿದಿದ್ದಾಳೆ. ನೀರಿನ ಕೋಣೆಯಲ್ಲಿ ಸೆಕೆ.

ಟೊವಾಕಿ


ಬೌರುವಾ ನೌಕೆ
26 ಜನವರಿ 2292

ಬಿರಿಬೊ,

ನಿನ್ನ ಬುಬುಸಿ ಈ ತಿಂಗಳ ಮೊದಲಲ್ಲೇ ಬಂದು ಮುಟ್ಟಿತು. ಉತ್ತರಕ್ಕೆ ಇಷ್ಟು ದಿನ ತೆಗೆದುಕೊಂಡದ್ದಕ್ಕೆ ಬೇಸರ ಮಾಡಬೇಡ.

ಕೊಡುವುದಕ್ಕಾಗುವುದಿಲ್ಲ.

ಹೀಗೆ ಬರೆದದ್ದು ನನ್ನ ಬದುಕಿನಲ್ಲಿ ಇದೇ ಮೊದಲು. ನೀನು ಊರಿನ ಎದುರಿಗೆ ಕೇಳಿದ್ದೀಯೆ, ಈ ಉತ್ತರವನ್ನೂ ಊರಿನ ಎದುರಿಗೇ ಓದಬೇಕಾಗುತ್ತದೆ. ನಿನ್ನ ಮುಖ ಹೇಗಾಗುತ್ತದೆಂದು ನನಗೆ ಕಾಣುತ್ತಿದೆ.

ಒಂದನ್ನು ತಿದ್ದಿಬಿಡುತ್ತೇನೆ. ನನ್ನನ್ನು ಯಾರೂ ಕೇಳಲಿಲ್ಲ. ಕಮೊರಿಕಿಯ ಅಪ್ಪನನ್ನು ಸುಮ್ಮನೆ ಎಳೆಯಬೇಡ. ಬುಬುಸಿ ಮಾಡಿದವಳು ನಾನು. ನಾನೇ ಹೋಗಿ ಆ ಕೆಲಸವನ್ನು ಕೇಳಿ ಪಡೆದೆ. ಯಾರನ್ನು ಕೇಳಿದೆ ಅನ್ನುವುದು ನಿನಗೆ ಬೇಕಿಲ್ಲ.

ಯಾಕೆ ಎನ್ನುತ್ತೀಯೆ. ನನಗೆ ವಯಸ್ಸಾಯಿತು, ನೌಕೆ ಇಳಿಯುವ ದಡವನ್ನು ನಾನು ಹೇಗೂ ಕಾಣುವುದಿಲ್ಲ. ಗುಂಡಿಗಳನ್ನು ನೋಡಿಕೊಳ್ಳುವವರನ್ನು ತಯಾರು ಮಾಡಿದ್ದೇನೆ. ಕೊಂಡಿ ಬಿಡಿಸುವುದು ಕೈಗೆ ಬಂದಿದೆ. ಹೋದ ಪತ್ರದಲ್ಲಿ ಬರೆದ ಕಿಟಕಿ ನೋಡಿದ ಮೇಲೆ ಹಿಂತುದಿಯ ಕಿಟಕಿಯನ್ನೂ ನೋಡಬೇಕೆಂಬ ಆಸೆ ಹತ್ತಿದೆ. ಅಲ್ಲಿಂದ ನಾವು ಬಿಟ್ಟುಬಂದ ಸೂರ್ಯ ಕಾಣುತ್ತಾನಂತೆ, ಎಲ್ಲ ನಕ್ಷತ್ರಗಳ ನಡುವೆ ಒಂದು ಸ್ವಲ್ಪ ದೊಡ್ಡ ನಕ್ಷತ್ರವಾಗಿ. ಹಟವೆನ್ನು, ಚಪಲವೆನ್ನು. ನನ್ನ ಕಾರಣಗಳು ಇಷ್ಟೇ.

ರಕೇರಾಳನ್ನು ಕೊಟ್ಟದ್ದರ ಮಾತೆತ್ತಿದ್ದೀಯೆ. ಆ ಋಣ ನನಗೆ ನೆನಪಿದೆ, ಬಿರಿಬೊ. ಇಷ್ಟನ್ನೇ ಬರೆಯುತ್ತೇನೆ.

ಸಿಟ್ಟಿದ್ದರೆ ಇರಲಿ. ಊಟ ಬಿಡಬೇಡ.

ಟೊವಾಕಿ


ಬೌರುವಾ ನೌಕೆ
9 ಜುಲೈ 2292

ಅಜ್ಜಾ,

ಕೊಂಡಿಗಳೆಲ್ಲ ಬಿಟ್ಟವು. ತೊಟ್ಟಿ ಹೋಯಿತು. ಎಂಜಿನು ಹೊತ್ತಿಕೊಂಡಿದೆ. ಟೊವಾಕಿ ಅಜ್ಜಿ ಅಲ್ಲೇ ಉಳಿದಳು.

ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ರಕೇರಾ


ಒನೊಟೊವಾ
20 ಜುಲೈ 2292

ಅಕ್ಕಾ,

ಜನವರಿಯ ನಿನ್ನ ಪತ್ರ ಇಂದು ಬೆಳಿಗ್ಗೆ ಸಿಕ್ಕಿತು. ಕೆಲಸದ ತಿಂಗಳು ಇದೇ. ನೀನು ಇದ್ದೀಯೋ ಇಲ್ಲವೋ ತಿಳಿಯದೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಯಾರಾದರೂ ಓದಿಕೊಳ್ಳಲಿ.

ಮನೆಯಾಬಾದಲ್ಲಿ ಓದಿದೆ. "ಕೊಡುವುದಕ್ಕಾಗುವುದಿಲ್ಲ" ಅನ್ನುವಲ್ಲಿಗೆ ಬಂದಾಗ ಇಯೊತೆಬಾ, "ಇನ್ನೊಂದ್ಸಲ ಓದು," ಅಂದ. ಓದಿದೆ. ಹೆಂಗಸರು ಮಕ್ಕಳನ್ನು ಎಬ್ಬಿಸಿಕೊಂಡು ಹೋದರು, ಒಳ್ಳೆಯ ಮಾತಿನ ನಡುವೆ ಯಾರೋ ಕೆಟ್ಟ ಮಾತಾಡಿದಾಗ ಹೋಗುವ ಹಾಗೆ.

ಕಿಟಕಿ ನೋಡಬೇಕೆಂದು ಬರೆದಿದ್ದೀಯೆ. ತಮ್ಮ ಕೇಳಿದ್ದಕ್ಕೆ ಇಲ್ಲವೆಂದು, ಕಿಟಕಿ ನೋಡಲು ಹೋದೆಯಾ? ಯಾರೂ ಕೇಳದ ಪ್ರಾಣವನ್ನು ನೀನೇ ಹೊತ್ತುಕೊಂಡು ಹೋಗಿ ಕೊಟ್ಟೆ, ಕೇಳಿದ ನನಗೆ ಕೊಡಲಿಲ್ಲ. ದೊಡ್ಡ ಹೆಸರು ಬರುತ್ತದೆ, ನೌಕೆಯ ಮಕ್ಕಳು ಹಾಡು ಕಟ್ಟುತ್ತಾರೆ. ಈ ಊರಿನಲ್ಲಿ ಮಾತ್ರ ನೀನು ಬುಬುಸಿಗೆ ಇಲ್ಲ ಅಂದವಳು.

ಊಟದ ಹೊತ್ತಿಗೆ ದೂರ ಹೋದವರ ಹೆಸರಿನಲ್ಲಿ ತೆಗೆದಿಡುವ ಪಾಲಿನಲ್ಲಿ ನಿನ್ನದನ್ನು ಇಂದು ತೆಗೆದಿಡಲಿಲ್ಲ. ನಾಳೆಯೂ ಇಡುವುದಿಲ್ಲ. ನಿನಗೆ ತಿಳಿದಿರಲೆಂದು ಬರೆದೆ.

ಬಿರಿಬೊ


ಬೌರುವಾ ನೌಕೆ
17 ಜನವರಿ 2293

ಅಜ್ಜಾ,

ನೀನು ಅಜ್ಜಿಗೆ ಬರೆದ ಪತ್ರವನ್ನು ನಾನು ಓದಿದೆ. ಓದುವವರು ಬೇರೆ ಯಾರೂ ಇರಲಿಲ್ಲ.

ಟೊವಾಕಿ ಅಜ್ಜಿ ನನ್ನನ್ನೂ ಒಂದು ಕೇಳಿಕೊಂಡಿದ್ದಳು. ನಿನಗೆ ಹೇಳಬಾರದೆಂದು. ನಾನು ಕೊಟ್ಟಿದ್ದೆ. ಈಗ ಹೇಳುತ್ತಿದ್ದೇನೆ. ಆದ್ದರಿಂದ ಇಲ್ಲ ಅಂದವರಲ್ಲಿ ನನ್ನನ್ನೂ ಸೇರಿಸಿಕೋ.

ನಾನು ನೀರಿನ ಕೋಣೆ ಬಿಟ್ಟು ನಾಲ್ಕು ವರ್ಷವಾಯಿತು. ಕೊಂಡಿಗಳ ಉಸ್ತುವಾರಿ ನನ್ನದು. ಹೊರಗಿನ ಕೆಲಸವೆಂದರೆ ನೀನು ಹೆದರುತ್ತೀಯೆಂದು ಅಜ್ಜಿ ಮುಚ್ಚಿಟ್ಟಳು. ಮುಚ್ಚಿಡೆಂದು ಹೇಳಿದವಳು ನಾನು. ಮನೆಯಾಬಾದಲ್ಲಿ ಎದ್ದು "ನಾನೇ ಹೋಗ್ತೀನಿ" ಅಂದವಳೂ ನಾನೇ.

ಮಾರನೆಯ ಬೆಳಿಗ್ಗೆ ಅಜ್ಜಿ ನನ್ನ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಚಾಪೆ ಹಾಸಿ ಕಾಲು ಮಡಚಿ ಕೂತಳು. ಕೇಳಲು ಬಂದವರು ಕೂರುವ ಹಾಗೆ. ನನಗೆ ಆಗಲೇ ಗೊತ್ತಾಯಿತು.

"ಅಜ್ಜೀ ಎದ್ದೇಳು, ಅದನ್ನ ಕೇಳ್ಬೇಡ," ಅಂದೆ.

"ಯಾವುದನ್ನ? ನಾನಿನ್ನೂ ಬಾಯೇ ಬಿಟ್ಟಿಲ್ಲ."

"ನಂಗೊತ್ತು. ಬಾಯಿ ಬಿಡ್ಬೇಡ."

"ನಿನ್ನ ಹತ್ರ ಒಂದು ಕೆಲ್ಸ ಇದೆ ರಕೇರಾ. ಅದು ನಂಗೆ ಬೇಕು. ಬುಬುಸಿ."

ನಾನು ಗೋಡೆಗೆ ತಿರುಗಿ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಅವಳು ಹೋಗಲಿಲ್ಲ. ಕಡೆಗೆ, "ತಗೋ," ಅಂದೆ. ಅಷ್ಟು ಚಿಕ್ಕ ಮಾತು. ಒಬ್ಬರಿಗೆ ಕೊಟ್ಟದ್ದನ್ನು ಕೊಟ್ಟವರೇ ಮತ್ತೆ ಅವರಿಂದ ಬುಬುಸಿ ಕೇಳಕೂಡದೆಂದು ನೌಕೆಯಲ್ಲಿ ನಾವೊಂದು ಕಟ್ಟು ಮಾಡಿಕೊಂಡಿದ್ದೇವೆ, ಇಲ್ಲದಿದ್ದರೆ ಇಷ್ಟು ಚಿಕ್ಕ ಊರಿನಲ್ಲಿ ಒಂದೇ ಅಂಗಿ ದಿನವಿಡೀ ಕೈಯಿಂದ ಕೈಗೆ ಓಡಾಡುತ್ತದೆ. ಅಂಗಿಗೆಂದು ಮಾಡಿದ ಕಟ್ಟಿನೊಳಗೆ ನಾನು ಸಿಕ್ಕಿಕೊಂಡೆ. ಆ ಒಂದೂವರೆ ವರ್ಷ ಅವಳಿಗೆ ಕೊಂಡಿ ಬಿಡಿಸುವುದನ್ನು ಕಲಿಸಿದವಳು ನಾನು. ಪ್ರತಿದಿನ.

ನಿನ್ನ ಬುಬುಸಿ ಬಂದ ದಿನ ಅಜ್ಜಿ ಗೆಡ್ಡೆ ಗುಂಡಿಯ ಅಂಚಿನಲ್ಲಿ ಕೂತು ಓದಿದಳು. ನಾನು ಊಟಕ್ಕೆ ಕರೆಯಲು ಹೋದಾಗಲೂ ಹಾಗೇ ಕೂತಿದ್ದಳು. ಪತ್ರ ನನ್ನ ಕೈಗೆ ಕೊಟ್ಟಳು. ಯಾರ ಕೆಲಸವಿತ್ತೋ ಅವರೇ ಹೋಗಲಿ ಎಂದು ನೀನು ಬರೆದದ್ದನ್ನು ನಾನು ಓದಿದೆ. ಅದಕ್ಕಾಗಿ ನೋಯಬೇಡ, ಅಜ್ಜಾ. ನಾನು ನೊಂದಿಲ್ಲ. ನನಗೆ ಆಗ ಸಂತೋಷವೇ ಆಯಿತು.

"ಅಜ್ಜ ಕೇಳಿದ್ದಾನೆ. ನೀನು ಇಲ್ಲ ಅನ್ನೋ ಹಾಗಿಲ್ಲ. ಕೆಲ್ಸ ತಾನಾಗೇ ನಂಗೆ ವಾಪಸ್ ಬಂತು," ಅಂದೆ.

"ಅವನು ಏನು ಕೇಳಿದ್ದಾನೆ ಅಂತ ಅವನಿಗೆ ಗೊತ್ತಿಲ್ಲ ಕಣೇ."

"ಹಾಗಾದ್ರೆ ಹೇಳು ಅವನಿಗೆ. ನಂದೇ ಕೆಲ್ಸ ಅಂತ ಬರಿ. ಯಾಕೆ ಇಲ್ಲ ಅಂದೆ ಅಂತಾದ್ರೂ ಅವನಿಗೆ ತಿಳೀಲಿ."

ಅಜ್ಜಿ ಪತ್ರವನ್ನು ವಾಪಸ್ ತೆಗೆದುಕೊಂಡು ಮಡಚಿದಳು. ಆಮೇಲೆ ಹೇಳಿದಳು. "ಊರಿನ ಮುಂದೆ ನಿಂತು ಮೊಮ್ಮಗಳ ಸಾವನ್ನ ಕೇಳಿದೆ ಅಂತ ಆ ಮುದುಕ ತಿಳ್ಕೊಂಡು ಬದುಕ್ಬೇಕಾ? ಬೇಡ. ಅಕ್ಕ ಕೆಟ್ಟವಳು ಅಂತ ತಿಳ್ಕೊಂಡ್ರೆ ಬೈಕೊಂಡು ಆರಾಮಾಗಿರ್ತಾನೆ. ಚಿಕ್ಕಂದಿನಿಂದ ಅವನಿಗೆ ಅದು ಅಭ್ಯಾಸ."

ಪ್ರಾಣ ಕೊಡುವ ಮಾತನ್ನು ಒಂದು ಬೆಳಿಗ್ಗೆಯಲ್ಲಿ ಮುಗಿಸಿದವಳು, ನಿನಗೆ ಇಲ್ಲವೆಂದು ಬರೆಯಲು ಮೂರು ವಾರ ತೆಗೆದುಕೊಂಡಳು. ಬರೆಯುತ್ತಿದ್ದಳು, ಅಳಿಸುತ್ತಿದ್ದಳು. ಒಂದು ಸಲ ಪೆನ್ನು ನನ್ನ ಕೈಗೆ ಕೊಟ್ಟು, "ನೀನೇ ಬರಿ, ನನ್ನ ಕೈ ಆ ಮಾತು ಬರೀತಿಲ್ಲ," ಅಂದಳು. ನಾನು ಒಲ್ಲೆ ಅಂದೆ. ಕಿಟಕಿಯ ಮಾತನ್ನು ಅವಳು ಸೇರಿಸಿದ್ದು ಕಡೆಯಲ್ಲಿ, ನಿನಗೆ ಚೆನ್ನಾಗಿ ಸಿಟ್ಟು ಬರಲೆಂದು.

ಅವಳು ಹೋದ ದಿನದ್ದನ್ನೂ ಹೇಳುತ್ತೇನೆ.

ಕೊಳವೆಯ ಬಾಯಿಯವರೆಗೆ ನಾನು ಹೋದೆ. ಒಳಗೆ ಹೋಗುವಾಗ ಅವಳು ತಿರುಗಿ ನೋಡಲಿಲ್ಲ; ಆ ಉಡುಪಿನಲ್ಲಿ ತಿರುಗಲಾಗುವುದಿಲ್ಲ. ನಾನು ಓಡಿ ಮನೆಯಾಬಾಕ್ಕೆ ಬಂದೆ. ಎಲ್ಲರೂ ಅಲ್ಲಿದ್ದರು. ಅವಳ ದನಿ ಸ್ಪೀಕರಿನಲ್ಲಿ ಬರುತ್ತಿತ್ತು. ದಾರಿಯುದ್ದಕ್ಕೂ ಮಾತಾಡಿದಳು. ಮೊದಲ ಕೊಂಡಿಗೆ ಬಂದಾಗ ಕೇಳಿದಳು, "ಅಲ್ಲೇನು ಎಲ್ರೂ ಉಸಿರು ಹಿಡ್ಕೊಂಡು ಕೂತಿದೀರಾ? ನನ್ನ ತಮ್ಮ ಕಳ್ಳಿಳಿಸೋಕೆ ಮರ ಹತ್ತಿದ್ರೂ ಹಾಡ್ತಾನೆ. ಕೆಲ್ಸ ಮಾಡೋರಿಗೆ ಹಾಡು ಬೇಡ್ವಾ?"

ಬ್ವೆರೆ ಹಾಡೆತ್ತಿಕೊಟ್ಟ. ಪಕ್ಕದವರು ಮುಂದಿನ ಸಾಲು ಹಿಡಿದರು. ಮುನ್ನೂರು ಜನ ಹಾಡಿದೆವು. ಹಾಡಿನ ನಡುನಡುವೆ ಅವಳು, "ಇದು ಬಂತು," "ಇದೂ ಬಂತು," ಅನ್ನುತ್ತಿದ್ದಳು. ಒಂದು ಬಹಳ ಸತಾಯಿಸಿತು. ಅದಕ್ಕೆ ಬೈದಳು, ಹಂದಿಗೆ ಬೈಯುವ ಹಾಗೆ. ಮಕ್ಕಳು ನಕ್ಕರು. ಅದೂ ಬಂತು.

ಕಡೆಯದು ಬಿಟ್ಟಾಗ ನೆಲವೆಲ್ಲ ಒಮ್ಮೆ ಮೆಲ್ಲಗೆ ಕಂಪಿಸಿತು, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. "ಹೋಗ್ತಾ ಇದೆ," ಅಂದಳು ಅಜ್ಜಿ. "ಅಬ್ಬಾ, ಎಷ್ಟು ನಿಧಾನ. ಎಷ್ಟು ದೊಡ್ಡದಿತ್ತು ಇದು. ದೀಪದ ಬೆಳಕು ಬಿದ್ದಿದೆ ಅದರ ಮೇಲೆ. ಈಗ ಅಂಚು ಮಾತ್ರ. ಈಗ ಇಲ್ಲ." ಮತ್ತೆ ಹೇಳಿದಳು, "ಹಾಡು ನಿಲ್ಲಿಸ್ಬೇಡಿ. ನಾನಿನ್ನೂ ಕೇಳಿಸ್ಕೋತಿದೀನಿ."

ನಿಲ್ಲಿಸಲಿಲ್ಲ. ಅವಳೂ ಸ್ವಲ್ಪ ಹೊತ್ತು ನಮ್ಮೊಡನೆ ಹಾಡಿದಳು. ಆಮೇಲೆ ಅವಳ ಉಸಿರು ಮಾತ್ರ ಬರುತ್ತಿತ್ತು, ಆಮೇಲೆ ಅದೂ ನಮ್ಮ ಹಾಡಿನಲ್ಲಿ ಕೇಳದಾಯಿತು. ಕೇಳಬೇಕಾದರೆ ನಾವು ಸುಮ್ಮನಾಗಬೇಕು. ಸುಮ್ಮನಾಗಲು ಯಾರಿಗೂ ಧೈರ್ಯವಿಲ್ಲ. ಯಾವಾಗ ನಿಲ್ಲಿಸುವುದೆಂದು ಗೊತ್ತಿಲ್ಲದೆ ಹಾಡುತ್ತಲೇ ಇದ್ದೆವು. ಗಂಟಲು ಕಟ್ಟಿದವರು ಕೈ ತಟ್ಟಿದರು. ಮಕ್ಕಳು ಹಾಡುತ್ತಲೇ ಚಾಪೆಯ ಮೇಲೆ ಮಲಗಿಬಿಟ್ಟವು. ಕಡೆಗೆ ಕಮೊರಿಕಿ ಎದ್ದು ಎಂಜಿನು ಹೊತ್ತಿಸಲು ಹೋದ. ನೌಕೆ ನಡುಗಿತು, ಹಾಡು ಆಗಲೂ ನಡೆದಿತ್ತು.

ಅಜ್ಜಾ, ನಾನು "ತಗೋ" ಅಂದದ್ದು ಸರಿಯೇ? ಇದನ್ನು ಕೇಳಲು ನನಗೆ ಬೇರೆ ಹಿರಿಯರಿಲ್ಲ.

ರಕೇರಾ


ಒನೊಟೊವಾ
25 ಜುಲೈ 2293

ಮಗಳೇ ರಕೇರಾ,

ನಿನ್ನ ಪತ್ರ ಓದಿದೆ. ಎದೆಯ ಮೇಲಿಟ್ಟುಕೊಂಡು ದಿನವಿಡೀ ಅಂಗಳದಲ್ಲಿ ಮಲಗಿದ್ದೆ. ಪಕ್ಕದ ಮನೆಯವರು ಮುದುಕ ಹೋದನೆಂದು ನೋಡಲು ಬಂದಿದ್ದರು.

ನೀನು ಕೊಟ್ಟದ್ದು ಸರಿ. ಹಿರಿಯಳು ಹೊಸ್ತಿಲಲ್ಲಿ ಕೂತು ಕೇಳಿದಳು, ಕೊಟ್ಟೆ. ಅದರಲ್ಲಿ ನಿನ್ನ ತಪ್ಪು ಹುಡುಕಬೇಡ, ನಾನು ಹುಡುಕಿದೆ, ಸಿಗಲಿಲ್ಲ. ಕೇಳಿದ್ದರಲ್ಲಿ ತಪ್ಪಿದವನು ನಾನು. ಯಾರೋ ಅಪರಿಚಿತರ ಮಗು ಹೋದರೆ ಹೋಗಲಿ ಎಂದೆ. ಅದು ನೀನೇ ಆಗಿದ್ದೆ. ನೀನಲ್ಲದೆ ಬೇರೆ ಯಾರೇ ಆಗಿದ್ದರೂ ಆ ಮಾತು ಅಷ್ಟೇ ಕೆಟ್ಟದ್ದು. ನಿನ್ನ ಹೆಸರು ಬಂದ ಮೇಲೆ ನನಗೆ ಅದು ತಿಳಿಯಿತು, ಮೊದಲೇ ತಿಳಿಯಬೇಕಿತ್ತು. ನನ್ನ ಅಕ್ಕ ಅಷ್ಟು ದೂರದಿಂದ ಕೈ ಚಾಚಿ ನನ್ನ ಬಾಯಿ ಮುಚ್ಚಿದಳು. ನಾನು ಆ ಕೈಯನ್ನು ಕಚ್ಚಿದೆ.

ಮನೆಯಾಬಾಕ್ಕೆ ಹೋಗಿ ನಿನ್ನ ಪತ್ರ ಪೂರ್ತಿ ಓದಿದೆ, ನಾನು ಕೇಳಿದ್ದು ಯಾರನ್ನೆಂಬುದನ್ನೂ ಬಿಡದೆ. ಹಾಡಿನ ಜಾಗಕ್ಕೆ ಬಂದಾಗ ಓದಲಾಗಲಿಲ್ಲ. ಇಯೊತೆಬಾನ ಮಗಳು ತೆಗೆದುಕೊಂಡು ಓದಿದಳು.

ಇಯೊತೆಬಾ ಕೇಳಿದ, "ಯಾವ ಹಾಡು ಅಂತ ಬರ್ದಿದ್ದಾಳಾ?"

"ಇಲ್ಲ," ಅಂದೆ.

"ಇರ್ಲಿ. ನಮಗೆ ಗೊತ್ತಿರೋದನ್ನೇ ಹಾಡೋಣ."

ಹಾಡಿದೆವು. ನಮಗೂ ನಿಲ್ಲಿಸಲು ಬರಲಿಲ್ಲ.

ಈಗ ನಿನ್ನನ್ನು ಒಂದು ಕೇಳುತ್ತೇನೆ. ಈ ಸಲ ಊರಿನ ಎದುರಿಗಲ್ಲ, ಮತ್ತು ಕೊಡಲಾಗದಿದ್ದರೆ ಇಲ್ಲವೆಂದು ಬರೆ, ಆ ಮಾತು ಕೇಳುವುದು ಈಗ ನನಗೆ ಅಭ್ಯಾಸವಾಗಿದೆ. ನೀನು ಯಾವ ಕೆಲಸ ಮಾಡುತ್ತೀ ಅನ್ನುವುದನ್ನು ನನಗೆ ಸರಿಯಾಗಿ ಬರೆ. ಹೊರಗೆ ಹೋಗುತ್ತೀಯಾ, ಎಷ್ಟು ದೂರ, ಏನು ಹಿಡಿದುಕೊಂಡು, ಕೈ ಜಾರಿದರೆ ಏನಾಗುತ್ತದೆ, ಎಲ್ಲವನ್ನೂ. ಮುದುಕ ಹೆದರುತ್ತಾನೆಂದು ನೀವಿಬ್ಬರೂ ಸೇರಿ ನನ್ನಿಂದ ಅದನ್ನು ಮುಚ್ಚಿಟ್ಟಿರಿ. ಗೊತ್ತಿದ್ದರೆ ನಾನು ಆ ಮಾತನ್ನು ಕೇಳುತ್ತಿರಲಿಲ್ಲ. ನನಗೆ ಹೆದರಿಕೆಯಾಗಲಿ, ಮಗಳೇ. ನೀನು ಹೊರಗೆ ಹೋದೆಯೆಂದು ಓದಿ, ಒಳಗೆ ಬಂದೆಯೆಂದು ಓದುವವರೆಗೆ ನಾನಿಲ್ಲಿ ಹೆದರಿಕೊಂಡು ಕೂತಿರುತ್ತೇನೆ.

ನಿನ್ನ ಅಜ್ಜ
ಬಿರಿಬೊ